ಬಾಗನ್‌ನಿಂದ ಬಂದ ಎಲೆ ಅಡಿಕೆ ಡಬ್ಬಿ

ಪ್ರೀತಿಯ ಸೀನ,

ಬರ್ಮಾದಿಂದ ಏನು ತಂದೆ ಅಂತ ಕೇಳಿದ್ದೆಯಲ್ಲ? ಬಾಗನ್‌ನಿಂದ ಒಂದು ಎಲೆ ಅಡಿಕೆ ಡಬ್ಬಿ ತಂದೆ ಕಣೋ. ಅಲ್ಲಿ ಅದಕ್ಕೆ ಕುನ್-ಇಟ್ ಅನ್ನುತ್ತಾರೆ. ದುಂಡನೆಯ ಡಬ್ಬಿ, ಮುಚ್ಚಳ ಹೆಚ್ಚುಕಮ್ಮಿ ಬುಡದವರೆಗೂ ಇಳಿಯುತ್ತದೆ. ಒಳಗೆ ಒಂದರ ಮೇಲೊಂದು ಎರಡು ತಟ್ಟೆ. ಎಲೆ ತಳದಲ್ಲಿ. ಅಡಿಕೆ, ಸುಣ್ಣ, ಕಾಚು ಎಲ್ಲ ಮೇಲೆ. ನಿನ್ನ ದೊಡ್ಡಪ್ಪ ನೋಡಿದ್ದರೆ ಬಿಡುತ್ತಿದ್ದರಾ?

ಎತ್ತಿಕೊಂಡರೆ ಭಾರವೇ ಇಲ್ಲ. ಒಳಗಿರುವುದು ಬರೀ ಬಿದಿರಿನ ಸೀಳು. ಅದರ ಮೇಲೆ ತಿಟ್ಸಿ ಮರದ ರಸ ಬಳಿದಿರುತ್ತಾರೆ. ನಮ್ಮ ಚನ್ನಪಟ್ಟಣದ ಅರಗು ಹುಳದಿಂದ ಬರುತ್ತದೆ. ಇದು ಮರ ಗೀರಿದಾಗ ಒಸರುವುದು, ಗಾಳಿ ತಗುಲಿದರೆ ಕಪ್ಪಾಗುತ್ತದೆ. ಬಿಸಿಲಿಗಿಟ್ಟು ಒಣಗಿಸುವ ಹಾಗಿಲ್ಲ. ತೇವ ಇರುವ ನೆಲಮಾಳಿಗೆಯಲ್ಲೇ ಗಟ್ಟಿಯಾಗಬೇಕು. ಒಂದು ಪದರಕ್ಕೆ ಸುಮಾರು ಒಂದು ವಾರ. ಆಮೇಲೆ ಉಜ್ಜಿ, ಮತ್ತೆ ಬಳಿದು, ಮತ್ತೆ ಕತ್ತಲೆಗೆ. ಒಳ್ಳೆಯ ಡಬ್ಬಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೊನೆಗೆ ಚೂಪಾದ ಮೊನೆಯಿಂದ ಚಿತ್ತಾರ ಗೀರಿ, ಒಂದೊಂದೇ ಬಣ್ಣ ತುಂಬಿ, ಜಾಸ್ತಿಯಾದದ್ದನ್ನು ಉಜ್ಜಿ ತೆಗೆಯುತ್ತಾರೆ. ಕುದುರೆ ಕೂದಲು ಹೆಣೆದು ಮಾಡಿದ ಬಟ್ಟಲುಗಳೂ ಇವೆ. ಅಂಚನ್ನು ಎರಡೂ ಕಡೆಯಿಂದ ಒತ್ತಿದರೆ ಒಂದಕ್ಕೊಂದು ಮುಟ್ಟುತ್ತವೆ, ಬಿರುಕು ಬಿಡುವುದಿಲ್ಲ! ಈ ಕೆಲಸ ಕಲಿಸಲು ಬಾಗನ್‌ನಲ್ಲಿ 1924ರಿಂದ ಒಂದು ಶಾಲೆಯೇ ಇದೆ.

ಇದೇ ಕೆಲಸದ ಬೇರೆ ವಸ್ತುಗಳೂ ಇವೆ. ಹುದುಗಿಸಿದ ಚಹಾ ಎಲೆಯನ್ನು ನಂಟರ ಮುಂದಿಡಲು ಖಾನೆಗಳಿರುವ ಡಬ್ಬಿ. ವಿಹಾರದ ಭಿಕ್ಷುಗಳಿಗೆ ಊಟ ಒಯ್ಯಲು ಗೋಪುರದಂಥ ಮುಚ್ಚಳದ ಸುನ್-ಓಕ್. ಹಳೇ ಕಾಲದ ಬರ್ಮಾ ಮನೆಯಲ್ಲಿ ಯಾರಾದರೂ ಬಂದರೆ ಮೊದಲು ಕುನ್-ಇಟ್ ಮುಂದಕ್ಕೆ ಸರಿಸುತ್ತಿದ್ದರು, ಮಾತು ಆಮೇಲೆ. ಈಗ ಅಲ್ಲೂ ಪ್ಲಾಸ್ಟಿಕ್, ಸ್ಟೀಲು ಬಂದಿವೆ. ಆದರೂ ನನಗೆ ಈ ವಸ್ತುಗಳಲ್ಲಿ ಚಿತ್ತಾರಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ. ಎಲ್ಲವೂ ಇನ್ನೊಬ್ಬರ ಮುಂದೆ ಇಡಲು ಮಾಡಿದವು.

ನನ್ನ ಡಬ್ಬಿ ಖಾಲಿ ಇದೆ ಸೀನ. ಅಮ್ಮ ಹೋದ ಮೇಲೆ ಈ ಮನೆಗೆ ಸುಮ್ನೆ ಬಂದು ಕೂರುವವರೇ ಇಲ್ಲ. ಬಂದವರು ಕೆಲಸ ಮುಗಿಸಿ ಎದ್ದುಬಿಡುತ್ತಾರೆ. ಸಂಜೆ ಗೇಟಿನ ಸದ್ದಾದರೆ ಪಕ್ಕದ ಮನೆಯದೇ ಅಂತ ಗೊತ್ತಿದ್ದರೂ ಎದ್ದು ನೋಡುತ್ತೇನೆ. ಅಮ್ಮ ಇದ್ದಾಗ ಜನ ಬರುತ್ತಿದ್ದದ್ದು ಅವಳಿಗಾಗಿ, ನನಗಲ್ಲ. ಇದು ಈಚೆಗೆ ಗೊತ್ತಾಯಿತು. ಇಷ್ಟು ಜನ ಓದುವ ಕಡೆ ಇದನ್ನು ಬರೆಯುತ್ತೇನೆ ಅಂದುಕೊಂಡಿರಲಿಲ್ಲ.

ಇರಲಿ ಬಿಡು. ದೀಪಾವಳಿಗೆ ಬಾ, ಎರಡು ದಿನ ಇದ್ದು ಹೋಗು. ಅಡಿಕೆ ನನ್ನದು, ಎಲೆ ನೀನು ತಾ. ಸುಣ್ಣ ಮಾತ್ರ ಯಾವ ಕಾರಣಕ್ಕೂ ಗಿರೀಶನ ಕೈಗೆ ಕೊಡಬೇಡ. ಶಿರಸಿ ಬಸ್ಸು ನೆನಪಿದೆ ತಾನೇ?

ನಿನ್ನ,
ರಾಜ