ಗ್ರಾಮಸಭೆಗೆ ಬನ್ನಿ: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆಯಿಂದ ಪತ್ರ ಬಂತು ಅಂದ ಕೂಡಲೇ ಗಾಬರಿಯಾಗಬೇಡಿ, ಇದು ಅಂಕಪಟ್ಟಿಯ ವಿಷಯ ಅಲ್ಲ. ಮುಂದಿನ ವಾರ ಗ್ರಾಮಸಭೆ ಇದೆ. ಅದಕ್ಕೆ ನೀವೆಲ್ಲ ಬರಬೇಕು ಅಂತ ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಕಳೆದ ಸಲ ನಾನು ಶಾಲೆ ಕಾಂಪೌಂಡಿನ ಅರ್ಜಿ ಹಿಡಿದು ಹೋಗಿದ್ದೆ. ಮಾತಾಡಲು ಎದ್ದು ಹಿಂದೆ ತಿರುಗಿ ನೋಡಿದರೆ ನಮ್ಮ ಪೋಷಕರು ನಾಲ್ಕೇ ಜನ. ರಸ್ತೆ ಕೇಳುವವರು ಮೂವತ್ತು ಮಂದಿ ಇದ್ದರು. ರಸ್ತೆ ಪಂಚಾಯಿತಿಯ ಕ್ರಿಯಾ ಯೋಜನೆಗೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಸೇರಿತು. ನಮ್ಮದು ‘ಮುಂದೆ ನೋಡೋಣ’ ಆಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಂದು ಕೇಳಿದರು, ಅಷ್ಟೇ.

‘ಮೇಷ್ಟ್ರೇ, ಪಂಚಾಯಿತಿ ಅಧ್ಯಕ್ಷರ ಕಿವಿಗೆ ಹಾಕಿಬಿಡಿ, ಸಾಕು’ ಅಂತ ಕೆಲವರು ಹೇಳುತ್ತೀರಿ. ಅಧ್ಯಕ್ಷರು ಒಳ್ಳೆಯವರೇ. ಆದರೆ ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿಯಾದರೂ ಸೇರಬೇಕು. ಬಂದವರಲ್ಲಿ ಶೇ 30ರಷ್ಟು ಹೆಂಗಸರಿರಬೇಕು. ಹಾಗಾಗಿ ಅಮ್ಮಂದಿರೇ, ‘ಮನೆಯವರು ಹೋಗ್ತಾರೆ’ ಅಂತ ಸುಮ್ನೆ ಕೂರಬೇಡಿ. ಶೌಚಾಲಯದಲ್ಲಿ ನೀರಿಲ್ಲ ಅಂತ ಮಗಳು ಮೊದಲು ಹೇಳುವುದು ನಿಮಗೇ ಅಲ್ವಾ?

ಇನ್ನೊಂದು ಮಾತು. ನೀವು ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ವಿಚಾರಿಸಿ, ಓದಿಸಿಕೊಂಡು ಆಮೇಲೆ ಸಹಿ ಹಾಕಿ. ಟೀ ಕುಡಿಯುತ್ತಾ ಖಾಲಿ ಹಾಳೆಗೆ ಸಹಿ ಹಾಕಿ ಬರುವ ಅಭ್ಯಾಸ ಜಾಸ್ತಿಯಾಗಿದೆ. (ನನಗೂ ಇತ್ತು.)

ಅದಕ್ಕೂ ಮೊದಲು, ಈ ಶನಿವಾರ ಶಾಲೆ ಬಿಟ್ಟ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಶಾಲಾ ಅಭಿವೃದ್ಧಿ ಯೋಜನೆ ಮಾಡುವುದೂ ಅದರದೇ ಕೆಲಸ. ನಾನೊಬ್ಬನೇ ಕೂತು ಬರೆದರೆ ಕಾಂಪೌಂಡ್, ಸುಣ್ಣ ಬಣ್ಣ ಅಂತ ಬರೆದೇನು. ಮಕ್ಕಳ ಗ್ರಾಮಸಭೆಯಲ್ಲಿ ಮೂರನೇ ತರಗತಿ ಹುಡುಗಿ ಕೇಳಿದ್ದೇ ಬೇರೆ: ‘ಕೈ ತೊಳೆಯೋ ನಲ್ಲಿ ನಮಗೆ ಎಟಕಲ್ಲ ಸಾರ್, ಕೆಳಗೆ ಹಾಕ್ಸಿ.’ ದಿನಾ ಅದರ ಮುಂದೆಯೇ ಓಡಾಡುವ ನನಗೆ ಅದು ಹೊಳೆದೇ ಇರಲಿಲ್ಲ.

ಕೂಲಿ ಬಿಟ್ಟು ಬರಲಾಗದವರು, ಶಾಲೆಗೆ ಏನು ಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳಿಸಿ. ಬರೆಯಲು ಬಾರದಿದ್ದರೆ ನೀವು ಹೇಳಿ, ಮಗು ಬರೆಯಲಿ. ಕಾಗುಣಿತ ತಪ್ಪಿದರೆ ನಾನು ಕೆಂಪು ಗೆರೆ ಹಾಕುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕರು