ಪಣಂಬೂರಿಗೆ ಮುಟ್ಟಿತು ಸರ್

ಎಲ್ಲರಿಗೂ ನಮಸ್ಕಾರ. ಅಪ್ಪ ಮನೆಗೆ ಬಂದು ಇವತ್ತಿಗೆ ಐದು ವಾರ. ಕೋಲು ಹಿಡಿದು ಗೇಟಿನ ತನಕ ಹೋಗಿ ಪೇಪರ್ ತರುತ್ತಾರೆ. ನಿನ್ನೆ ಹಾಲಿನವನ ಹತ್ತಿರ ಅರ್ಧ ಲೀಟರಿನ ಲೆಕ್ಕಕ್ಕೆ ಜಗಳ ಆಡಿದರು. ಅಂದರೆ ಹುಷಾರಾಗಿದ್ದಾರೆ ಅಂತಲೇ ಅರ್ಥ. ಏನಾಯಿತು, ಯಾವ ಟೆಸ್ಟು, ಡಾಕ್ಟರು ಏನಂದರು ಎಂಬುದೆಲ್ಲ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ ಬಂದಾಗಿದೆ. ಮತ್ತೆ ಬರೆಯುವುದಿಲ್ಲ. ಒಂದು ಕೆಲಸ ಮಾತ್ರ ಬಾಕಿ ಇತ್ತು, ಅದಕ್ಕೆ ಕೂತಿದ್ದೇನೆ.

ನಮ್ಮನ್ನು ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಕುದುರೆಮುಖದಲ್ಲಿ ಓದಿದವರು, 1995ರ ಎಸ್ಸೆಸ್ಸೆಲ್ಸಿ ಬ್ಯಾಚು. 30 ವರ್ಷ ಆಯಿತಲ್ಲ ಅಂತ ಕಳೆದ ಡಿಸೆಂಬರ್ 27ಕ್ಕೆ ಸೇರಿದ್ದೆವು. ಗ್ರೂಪು ಶುರುವಾಗಿ ಆರು ವರ್ಷವಾಗಿತ್ತು. ಆರು ವರ್ಷವೂ "ಸಿಗೋಣ, ಸಿಗೋಣ" ಅಂದಿದ್ದೇ ಬಂತು.

"ನಿಮ್ಮೂರು ಯಾವುದು?" ಅಂತ ಯಾರಾದರೂ ಕೇಳಿದರೆ ನಮ್ಮ ಬ್ಯಾಚಿನವರೆಲ್ಲ ಸ್ವಲ್ಪ ತಡವರಿಸುತ್ತೇವೆ. 1976ರಲ್ಲಿ ಇರಾನಿಗೆ ಕಬ್ಬಿಣದ ಅದಿರು ಕಳಿಸಲು ಅಂತ ಶುರುವಾದ ಕಂಪನಿ, ಅದಕ್ಕಾಗಿಯೇ ಕಾಡಿನ ನಡುವೆ, ಭದ್ರಾ ಹೊಳೆಯ ಪಕ್ಕ ಎದ್ದ ಊರು ಅದು. ನಮ್ಮ ಅಪ್ಪಂದಿರು ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದವರು. ಕ್ವಾರ್ಟರ್ಸ್ ಕಂಪನಿಯದು, ಬಸ್ಸು ಕಂಪನಿಯದು, ಬೀದಿ ದೀಪವೂ ಕಂಪನಿಯದೇ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಆಮೇಲೆ ಒಂದೊಂದೇ ಮನೆ ಲಾರಿ ಹತ್ತಿತು. ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಬೇರೆಯವರು ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ನಾವು ಗೂಗಲ್ ಮ್ಯಾಪಿನಲ್ಲಿ ಹೋಗಿ ಬರುತ್ತೇವೆ.

ಅವತ್ತು ಬೆಳಿಗ್ಗೆ ನಿಜವಾಗಿಯೂ ಹೋದೆವು. ಅಪ್ಪನೂ ಬರುತ್ತೇನೆ ಅಂದಿದ್ದರು. "ನಿಮ್ಮ ಬ್ಯಾಚಿಗಿಂತ ನಾನು ಸೀನಿಯರ್" ಅಂತ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ನಮ್ಮ ಸಾಲಿನ ಕ್ವಾರ್ಟರ್ಸ್ ಇನ್ನೂ ನಿಂತಿವೆ. ಹಂಚಿನ ಬಣ್ಣ ಗೊತ್ತಾಗದಷ್ಟು ಪಾಚಿ. ಒಡೆದ ಕಿಟಕಿಯಿಂದ ಇಣುಕಿದೆ. ಗೋಡೆ ಕಪಾಟಿನ ಬಾಗಿಲು ಬಿದ್ದುಹೋಗಿತ್ತು. ಒಳಗೆ ಅಮ್ಮ ಬಲ್ಬು ಹಾಕಿಸಿದ್ದ ಹೋಲ್ಡರ್ ಮಾತ್ರ ವಯರಿಗೆ ನೇತಾಡುತ್ತಿತ್ತು. ವರ್ಷಕ್ಕೆ ಹತ್ತಿರ ಹತ್ತಿರ 7000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಬಟ್ಟೆಗೆ ಬೂಸ್ಟು ಹಿಡಿಯಬಾರದು ಅಂದರೆ ಕಪಾಟಿನೊಳಗೆ ಹಗಲೂ ರಾತ್ರಿ ಬಲ್ಬು ಉರಿಯಲೇಬೇಕಿತ್ತು. ಬೆಚ್ಚಗಿನ ಯೂನಿಫಾರ್ಮ್ ಹಾಕಿಕೊಂಡು ಹೊರಗೆ ಹೋದ ಎರಡು ನಿಮಿಷಕ್ಕೆ ಮತ್ತೆ ಒದ್ದೆ. ಜುಲೈನಲ್ಲಿ ಮಳೆ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರು ಮಾತು ನಿಲ್ಲಿಸಿ ಬೋರ್ಡಿನ ಮೇಲೆ "ಅರ್ಥವಾಯಿತೇ?" ಅಂತ ಬರೆಯುತ್ತಿದ್ದರು. ನಾವೆಲ್ಲ ಸುಮ್ನೆ ತಲೆ ಆಡಿಸುತ್ತಿದ್ದೆವು. ಇಂಬಳ ಕಚ್ಚಿದ ಕಾಲು ಕೆರೆದುಕೊಳ್ಳುತ್ತಾ.

ರಾತ್ರಿ ಊಟ ಕಳಸದ ಹತ್ತಿರದ ಹೋಮ್‌ಸ್ಟೇಯಲ್ಲಿ. ಎರಡನೇ ಸಲ ಪಾಯಸ ಬರುವ ಹೊತ್ತಿಗೆ ಅಪ್ಪ ಕೂತಲ್ಲೇ ಪಕ್ಕಕ್ಕೆ ವಾಲಿದರು.

ಇಲ್ಲಿಂದ ಮುಂದೆ ಒಬ್ಬನ ಬಗ್ಗೆ ಬರೆಯಬೇಕು. "ಹೆಸರು ಹಾಕಿದರೆ ಗ್ರೂಪ್ ಬಿಟ್ಟು ಹೋಗುತ್ತೇನೆ ಮಾರಾಯ್ತಿ" ಅಂದಿದ್ದಾನೆ. ಹಾಕುವುದಿಲ್ಲ. ಬ್ಯಾಚಿನವರಿಗೆ ಹೇಗೂ ಗೊತ್ತು.

ಅವನ ಅಪ್ಪ ಕಂಪನಿಯ ನೌಕರರಲ್ಲ. ಒಬ್ಬ ಗುತ್ತಿಗೆದಾರರ ಹತ್ತಿರ ಜೀಪು ಓಡಿಸುತ್ತಿದ್ದರು. ಹಾಗಾಗಿ ಕ್ವಾರ್ಟರ್ಸ್ ಇರಲಿಲ್ಲ, ಟೌನ್‌ಶಿಪ್ಪಿನ ಆಚೆ ಮನೆ. ಮಳೆಗಾಲದಲ್ಲಿ ನಾವು ಬಸ್ಸಿನಿಂದ ಇಳಿದು ಕ್ಲಾಸಿಗೆ ಓಡಿದರೆ ಅವನು ಅಷ್ಟು ದೂರದಿಂದ ನಡೆದು ಬರುತ್ತಿದ್ದ. ಕೊನೆಯ ಬೆಂಚಿನಲ್ಲಿ ಅವನು ಕೂತ ಜಾಗದ ಕೆಳಗೆ ನೀರು ನಿಲ್ಲುತ್ತಿತ್ತು. ಅದಿರು ತೊಳೆದ ಕೆಸರು ನೀರನ್ನು ನಿಲ್ಲಿಸಲು ಕಂಪನಿ ಕಟ್ಟಿದ ಲಕ್ಯಾ ಡ್ಯಾಂ ನಮ್ಮೂರಲ್ಲಿದೆ, ಸುಮಾರು ನೂರು ಮೀಟರ್ ಎತ್ತರದ್ದು. ಅವನಿಗೆ "ಲಕ್ಯಾ ಡ್ಯಾಂ" ಅಂತ ಹೆಸರು ಬಿತ್ತು. ಇಟ್ಟವಳು ನಾನು. ಮೂರು ವರ್ಷ ಹಾಗೇ ಕರೆದೆವು. ನನ್ನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಅರ್ಧ ಕ್ಲಾಸು ನಮ್ಮ ಮನೆಗೆ ಬರುತ್ತಿತ್ತು. ಇನ್ನರ್ಧದಲ್ಲಿ ಯಾವಾಗಲೂ ಅವನಿರುತ್ತಿದ್ದ.

ಈಗ ನಮ್ಮಲ್ಲಿ ಆ ಕಡೆ ಉಳಿದಿರುವವನು ಅವನೊಬ್ಬನೇ. ಕ್ವಾರ್ಟರ್ಸ್ ಇದ್ದವರೆಲ್ಲ ಖಾಲಿ ಮಾಡಿ ಹೋದೆವು. ಇಲ್ಲದವನು ಅಲ್ಲೇ ಸ್ವಲ್ಪ ಜಾಗ ತಗೊಂಡು ಮನೆ ಕಟ್ಟಿಕೊಂಡ. ರೂಮು, ಊಟ, ಗೇಟಿನಲ್ಲಿ ಪರ್ಮಿಷನ್, ಎಲ್ಲ ಓಡಾಟ ಅವನದೇ ಆಗಿತ್ತು. ಅಪ್ಪ ವಾಲಿದಾಗ ಅವನು ಪಾಯಸ ಬಡಿಸುತ್ತಿದ್ದ. ಸೌಟು ಪಾತ್ರೆಗೆ ಹಾಕಿ, ಬಂದು ಅಪ್ಪನ ತಲೆ ಹಿಡಿದುಕೊಂಡ. ಆಮೇಲೆ ನನ್ನ ಕಡೆ ಕೈ ಚಾಚಿ, "ಕಾರಿನ ಕೀ ಕೊಡು. ನೀನು ಓಡಿಸಬೇಡ" ಅಂದ. ಅಷ್ಟೇ.

ನನ್ನ ಮನೆಯವರು ಮಗಳ ಪರೀಕ್ಷೆ ಅಂತ ಬೆಂಗಳೂರಿನಲ್ಲಿದ್ದರು. ಮಂಗಳೂರು ಅಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಸಂಸೆ ದಾಟಿದ ಮೇಲೆ ಮಂಜು. ಲೈಟು ಹಾಕಿದರೆ ಎದುರಿಗೆ ಬಿಳಿ ಗೋಡೆ. ಒಂದು ಕಡವೆ ರಸ್ತೆ ನಡುವೆ ನಿಂತಿತ್ತು. ಹಾರ್ನ್ ಹೊಡೆಯಲಿಲ್ಲ ಅವನು, ಲೈಟು ಆರಿಸಿ ಕಾದ. ಆ ಅರ್ಧ ನಿಮಿಷದಷ್ಟು ಉದ್ದದ ಅರ್ಧ ನಿಮಿಷ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ನನ್ನ ತೊಡೆಯ ಮೇಲೆ. ತಿರುವು ಬರುವ ಮುಂಚೆ ಪ್ರತಿ ಸಲ "ಎಡಕ್ಕೆ ಬರ್ತದೆ, ಹಿಡ್ಕೋ", "ಬಲಕ್ಕೆ" ಅಂತ ಹೇಳುತ್ತಿದ್ದ. ಘಾಟಿ ಇಳಿದು ಬಜಗೋಳಿ ಮುಟ್ಟುವವರೆಗೆ ಅವನು ಬೇರೆ ಮಾತೇ ಆಡಲಿಲ್ಲ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬಹುದು. ನಾನು ಬಿಲ್ಲು, ಮೆಡಿಕಲ್ಸು, ಸಹಿ ಅಂತ ಮೇಲೆ ಕೆಳಗೆ ಓಡುತ್ತಿದ್ದೆ. ಅಪ್ಪನ ಹತ್ತಿರ ಅವನು ಕೂತ. ಮೂರು ಗಂಟೆ ಆಗಿರಬಹುದು. ಔಷಧಿ ಹಿಡಿದು ವಾಪಸ್ ಬಂದಾಗ ಪರದೆಯ ಆಚೆ ಅಪ್ಪನ ಮಾತು ಕೇಳಿಸಿತು. ಅವರು ಈ ಲೋಕದಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದರು.

"ಪಣಂಬೂರಿಗೆ ಮುಟ್ಟಿತಾ?"

"ಮುಟ್ಟಿತು ಸರ್."

"ಪ್ರೆಶರ್?"

"ನಾರ್ಮಲ್ ಸರ್."

"ಲೀಕೇಜು?"

"ಇಲ್ಲ ಸರ್. ಈಗಷ್ಟೇ ಲೈನ್ ನೋಡಿಕೊಂಡು ಬಂದೆ."

ಅಪ್ಪ ಇದ್ದದ್ದು ಸ್ಲರಿ ಪೈಪ್‌ಲೈನಿನಲ್ಲಿ. ಅದಿರನ್ನು ಪುಡಿ ಮಾಡಿ, ನೀರು ಸೇರಿಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟದ ಕೆಳಗೆ, ಮಂಗಳೂರಿನ ಬಂದರಿರುವ ಪಣಂಬೂರಿಗೆ ಕಳಿಸುತ್ತಿದ್ದರು. ಎಲ್ಲಾದರೂ ಕಟ್ಟಿಕೊಂಡರೆ, ಒಡೆದರೆ, ರಾತ್ರಿ ಎನ್ನದೆ ಮಳೆ ಎನ್ನದೆ ಇವರು ಓಡಬೇಕು. ಓಡುತ್ತಿದ್ದದ್ದು ಇವನ ಅಪ್ಪನ ಜೀಪಿನಲ್ಲಿ. ನನಗೆ, ಸ್ವಂತ ಮಗಳಿಗೆ, ಆ ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ. "ಅಪ್ಪಾ, ಅದೆಲ್ಲ ಮುಗಿದು ಇಪ್ಪತ್ತು ವರ್ಷ ಆಯ್ತು" ಅಂದುಬಿಡುತ್ತಿದ್ದೆ.

ಎರಡು ನಿಮಿಷ ಸುಮ್ಮನಿದ್ದು ಅಪ್ಪ ಮತ್ತೆ ಮೊದಲಿಂದ ಕೇಳುತ್ತಿದ್ದರು. ಅವನು ಮತ್ತೆ ಮೊದಲಿಂದ ಹೇಳುತ್ತಿದ್ದ. ಬೇಸರವಿಲ್ಲ, ನಗುವಿಲ್ಲ. ಮೊದಲ ಸಲ ವರದಿ ಒಪ್ಪಿಸುವವನ ಹಾಗೆ. ಅಪ್ಪ ಡ್ರಿಪ್ಪು ಕಿತ್ತುಕೊಳ್ಳದ ಹಾಗೆ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅಂಗಿಯ ತೋಳಿನ ಮೇಲೆ ಪಾಯಸ ಒಣಗಿ ಬಿಳಿ ಪೊರೆ ಕಟ್ಟಿತ್ತು, ಒಂದು ಶಾವಿಗೆ ಎಳೆ ಅಂಟಿಕೊಂಡೇ ಇತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಒಳಗೆ ಹೋಗಲು ಆಗಲಿಲ್ಲ. ನನ್ನ ಹುಟ್ಟುಹಬ್ಬದ ಪಾಯಸ ನೆನಪಾಗಿ ನಾಚಿಕೆ ಆಯಿತು. ನಾಚಿಕೆ ಅನ್ನುವುದು ಸಣ್ಣ ಮಾತು.

ಅಪ್ಪನನ್ನು ಐಸಿಯುಗೆ ಕರೆದೊಯ್ದ ಮೇಲೆ ಕಾರಿಡಾರಿನಲ್ಲಿ ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ಎಲ್ಲಿಂದಲೋ ಎರಡು ಕಪ್ ಚಹಾ ತಂದ. ಒಂದನ್ನು ನನ್ನ ಕೈಗೆ ಕೊಟ್ಟು, "ಸಾಕು ಮಾರಾಯ್ತಿ. ಲಕ್ಯಾ ಡ್ಯಾಂ ತುಂಬಿತು" ಅಂದ.

ನಗು ಬಂತು. ಮೂಗಿನಲ್ಲೆಲ್ಲ ಚಹಾ. ಸಾರಿ ಕಣೋ ಅಂದೆ. "ಯಾವುದಕ್ಕೆ?" ಅಂದ. ಗೊತ್ತಿಲ್ಲದೆ ಕೇಳಿದ್ದಲ್ಲ ಅದು. ನನಗೂ ಹೇಳಲು ಆಗಲಿಲ್ಲ, ಈಗ ಇಲ್ಲಿ ಹೇಳುತ್ತಿದ್ದೇನೆ. ಆ ಹೆಸರಿಗೆ. ಮೂರು ಹುಟ್ಟುಹಬ್ಬಕ್ಕೆ. ನೀನು ನೆನೆದು ಬರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ನಕ್ಕಿದ್ದಕ್ಕೆ.

ವಾರ್ಡಿಗೆ ಬಂದ ಮೇಲೆ ಅಪ್ಪನಿಗೆ ಈ ಕಥೆ ಹೇಳಿದೆ. ಆ ರಾತ್ರಿಯದು ಅವರಿಗೆ ಏನೂ ನೆನಪಿಲ್ಲ. ಬಹಳ ಹೊತ್ತು ಕಿಟಕಿ ನೋಡಿ, "ಅವನ ಅಪ್ಪನ ಪಕ್ಕ ಹನ್ನೊಂದು ವರ್ಷ ಕೂತಿದ್ದೇನೆ. ಒಂದು ದಿನ ಮನೆಗೆ ಬಾ ಅನ್ನಲಿಲ್ಲ ನೋಡು" ಅಂದರು. ಆಮೇಲೆ ಸಿಸ್ಟರನ್ನು ಕರೆದು ಗಂಜಿಗೆ ಉಪ್ಪು ಕಮ್ಮಿ ಅಂತ ರೇಗಿದರು.

ಇನ್ನು ಉಳಿದವರಿಗೆ. ಬೆಳಗಿನ ಜಾವ ನಮ್ಮ ರೂಮಿನ ಸಾಮಾನೆಲ್ಲ ಕಟ್ಟಿ ಮಂಗಳೂರಿಗೆ ತಂದವರು, ರಕ್ತ ಕೊಟ್ಟ ಮೂವರು, ದುಬೈಯಿಂದ ರಾತ್ರೋರಾತ್ರಿ ದುಡ್ಡು ಹಾಕಿದವಳು, ಮೂರು ವಾರ ಮಧ್ಯಾಹ್ನದ ಬುತ್ತಿ ಕಳಿಸಿದ ಸುರತ್ಕಲ್ಲಿನ ಮನೆಯವರು, ರಿಪೋರ್ಟು ಓದಿ ನನಗೆ ತಿಳಿಯುವ ಕನ್ನಡದಲ್ಲಿ ಹೇಳಿದ ನಮ್ಮ ಕ್ಲಾಸಿನ ಡಾಕ್ಟರಮ್ಮ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸ್ಪತ್ರೆಯ ರಾತ್ರಿ ಪಾಳಿಯವರಿಗೂ. ಒಂದು ಸ್ಟೀಲಿನ ಫ್ಲಾಸ್ಕು, ಕೆಂಪು ಮುಚ್ಚಳದ್ದು, ನನ್ನ ಹತ್ತಿರವೇ ಉಳಿದಿದೆ. ಯಾರದ್ದು ಅಂತ ಹೇಳಿ.

ಮುಂದಿನ ಸಲ ಸೇರುವ ಮಾತು ಈಗಾಗಲೇ ಶುರುವಾಗಿದೆಯಂತೆ. ನಮ್ಮದೇನೂ ಅಭ್ಯಂತರವಿಲ್ಲ, ಆದರೆ ಪಾಯಸ ಬೇರೆ ಯಾರಾದರೂ ಬಡಿಸಿ. ಅವನು ಕೂತು ಊಟ ಮಾಡಲಿ.

ಪ್ರತಿ ಭಾನುವಾರ ಸಂಜೆ ಅವನ ಫೋನು ಬರುತ್ತದೆ. ಅಲ್ಲಿ ಸಿಗ್ನಲ್ ಸರಿ ಸಿಗುವುದಿಲ್ಲ, ಗುಡ್ಡ ಹತ್ತಿ ಮಾಡುತ್ತಾನೆ. ನಾನು ಸ್ಪೀಕರಿಗೆ ಹಾಕಿ ಅಪ್ಪನ ಮುಂದೆ ಇಡುತ್ತೇನೆ.

"ಸರ್, ಪ್ರೆಶರ್ ನಾರ್ಮಲ್ಲಾ?" ಅನ್ನುತ್ತಾನೆ.

ಅಪ್ಪ ಬಿಪಿ ಕೇಳುತ್ತಿದ್ದಾನೆ ಅಂದುಕೊಂಡು ಕನ್ನಡಕ ಹಾಕಿಕೊಂಡು ಚೀಟಿ ಹುಡುಕುತ್ತಾರೆ. "130, 80 ಕಣಪ್ಪಾ," ಅನ್ನುತ್ತಾರೆ. "ಬರೆದುಕೋ."

"ಬರೆದುಕೊಂಡೆ ಸರ್."