ಆದ್ಯತೆಗಳ ಪಟ್ಟಿ ಬರೆಯುವ ಮುನ್ನ

ಚಿ. ಸುಮಾಳಿಗೆ ಶಿವಮೊಗ್ಗದಿಂದ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಭೌತಶಾಸ್ತ್ರ ವಿಭಾಗದ ಮುಂದಿನ ಐದು ವರ್ಷದ ಸಂಶೋಧನಾ ಕರಡು ನಿನ್ನ ತಲೆಗೆ ಬಂದಿದೆಯಂತೆ. ಕ್ವಾಂಟಂ, ನ್ಯಾನೋ, ಎಐ ಅಂತ ಹೆಸರು ಪೇರಿಸಬೇಡ. ಎಲ್ಲವೂ ಆದ್ಯತೆಯಾದರೆ ಯಾವುದಕ್ಕೂ ದುಡ್ಡು ಸಾಲುವುದಿಲ್ಲ.

ಮೊದಲ ಸಾಲಿನಲ್ಲಿ ಮಲೆನಾಡಿನ ಮನೆಗಳೊಳಗಿನ ರೇಡಾನ್, ಅಂದರೆ ಮಣ್ಣು ಕಲ್ಲಿನಿಂದ ಹೊಮ್ಮುವ ವಿಕಿರಣಶೀಲ ಅನಿಲದ ಅಳತೆ ಇರಲಿ. ಮಣ್ಣಿನ ನೆಲ, ಜಂಬಿಟ್ಟಿಗೆ ಗೋಡೆ, ಆಷಾಢದಲ್ಲಿ ತೆರೆಯದ ಕಿಟಕಿ. ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಎಲ್‌ಆರ್-115 ಎನ್ನುವ, ಆಲ್ಫಾ ಕಣಗಳ ಗುರುತು ಹಿಡಿಯುವ ಪ್ಲಾಸ್ಟಿಕ್ ಫಿಲ್ಮಿಗೆ ಕರೆಂಟೂ ಬೇಡ. ಗೋಡೆಗೆ ಅಂಟಿಸದೆ ಒಂದಡಿಯಾದರೂ ದೂರ ತೂಗುಹಾಕಿಸು. ರೇಡಾನಿನ ಇನ್ನೊಂದು ರೂಪವಾದ ಥೋರಾನಿನ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸುವ ಕಾಲ) ಬರೀ 55.6 ಸೆಕೆಂಡು, ಗೋಡೆಯ ಪಕ್ಕದಲ್ಲಷ್ಟೇ ದಟ್ಟವಾಗಿರುತ್ತದೆ, ಲೆಕ್ಕ ಕೆಡಿಸುತ್ತದೆ. 90 ದಿನ ಬಿಟ್ಟು ತೆಗೆದು, 2.5 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾದಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಎಚ್ ಮಾಡಬೇಕು, ಅಂದರೆ ಮೇಲ್ಪದರ ಕರಗಿಸಿ ಕಣಗಳ ಗುರುತು ತೂತಾಗಿ ಕಾಣುವಂತೆ ಮಾಡಬೇಕು. ಶಾಖ ತುಸು ಏರಿದರೂ ಪದರ ಜಾಸ್ತಿ ಕರಗಿ ತೂತುಗಳ ಎಣಿಕೆ ಏರುತ್ತದೆ. ಹಾಗಾಗಿ ಪ್ರತಿ ಬ್ಯಾಚಿನಲ್ಲೂ ಉಳಿದ ದಪ್ಪ ಅಳೆದು ಬರೆದಿಡಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪಿಸುವ ಕೆಲಸ ಇದೇ. ಮಳೆಗಾಲದ ಒಂದೇ ಅಳತೆಯಿಂದ ವರ್ಷದ ಸರಾಸರಿ ತೆಗೆದರೆ ಅಂಕಿ ದಾರಿ ತಪ್ಪಿಸುತ್ತದೆ, ವರ್ಷದ ನಾಲ್ಕೂ ಸುತ್ತು ಆಗಲೇಬೇಕು. ಅಡಿಕೆ ಸುಗ್ಗಿಯಲ್ಲಿ ಮಾತ್ರ ಫಿಲ್ಮ್ ಬದಲಿಸಲು ಹುಡುಗರನ್ನು ಕಳಿಸಬೇಡ, ಯಾರೂ ಮಾತಿಗೆ ಸಿಗುವುದಿಲ್ಲ.

ಎರಡನೆಯದು ಮಣ್ಣಿನ ಗಾಮಾ ವಿಶ್ಲೇಷಣೆ, ಅಂದರೆ ಮಣ್ಣು ಸೂಸುವ ಗಾಮಾ ಕಿರಣ ಎಣಿಸಿ ಅದರಲ್ಲಿರುವ ರೇಡಿಯಂ ಅಂಥವನ್ನು ಅಳೆಯುವುದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಗಾಳಿ ಆಡದಂತೆ ಮುಚ್ಚಿ ಒಂದು ತಿಂಗಳು ಇಡಬೇಕು. ರೇಡಾನಿನ ಅರ್ಧಾಯುಷ್ಯ 3.82 ದಿನ, ಅದು ತನ್ನನ್ನು ಹುಟ್ಟಿಸುವ ರೇಡಿಯಂ ಜೊತೆ ಸಮತೋಲಕ್ಕೆ ಬರುವ ಮೊದಲೇ ಎಣಿಸಿದರೆ, ಅಥವಾ ಮುಚ್ಚಳ ಸೋರಿದರೆ, ರೇಡಿಯಂ ಕಡಿಮೆ ಕಾಣುತ್ತದೆ. ಜೋರು ಮಳೆ ರೇಡಾನ್ ಕ್ಷಯಿಸಿ ಹುಟ್ಟುವ ಧಾತುಗಳನ್ನು ನೆಲಕ್ಕಿಳಿಸುವುದರಿಂದ ಬಯಲಿನಲ್ಲಿ ಗಾಮಾ ಹಿನ್ನೆಲೆ ಎರಡು ಮೂರು ತಾಸು ಏರಿರುತ್ತದೆ. ಆಗುಂಬೆ ಕಡೆ ಬಯಲಿನಲ್ಲಿ ಅಳೆಯುವಾಗ ಮಳೆ ಬಂದ ಹೊತ್ತು ಬರೆಯದ ಪುಸ್ತಕಕ್ಕೆ ಬೆಲೆಯಿಲ್ಲ. ಗಾಮಾ ಎಣಿಸುವ ಸೋಡಿಯಂ ಅಯೊಡೈಡ್ ಹರಳು ತೇವ ಹೀರುವ ಜಾತಿ. ಸೀಲ್ ಬಿಟ್ಟರೆ ಹಳದಿಗಟ್ಟುತ್ತದೆ. ತಿಂಗಳಿಗೊಮ್ಮೆ ಸೀಸಿಯಂ-137ರ 662 ಕೆಇವಿ (ಕಿರಣದ ಶಕ್ತಿಯ ಅಳತೆ) ಶಿಖರದ ಅಗಲ ನೋಡಿಸು. ಏಳು ಶೇಕಡಾ ಇದ್ದದ್ದು ಹತ್ತಕ್ಕೆ ಹೋದರೆ ಹರಳನ್ನೋ ಅದರ ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಮಲ್ಟಿಪ್ಲೈಯರನ್ನೋ ಅನುಮಾನಿಸು.

ಜರ್ಮೇನಿಯಂ ಡಿಟೆಕ್ಟರ್ ಕೊಳ್ಳುವ ಮಾತು ಖಂಡಿತ ಬರುತ್ತದೆ. ಹತ್ತಿರಹತ್ತಿರದ ಶಕ್ತಿಯ ಶಿಖರಗಳನ್ನು ಬೇರ್ಪಡಿಸಿ ತೋರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ದ್ರವ ಸಾರಜನಕದಿಂದ ತಂಪಾಗುವ ಮಾದರಿಯಲ್ಲಿ ಅದನ್ನು ತುಂಬಿಡುವ ಪಾತ್ರೆಯಾದ ಡ್ಯೂವರ್‌ಗೆ ವಾರಕ್ಕೊಮ್ಮೆಯಾದರೂ ಸುರಿಯಬೇಕು, ಮಳೆಗಾಲದಲ್ಲಿ ಲಾರಿ ತಡವಾದರೂ ಅದು ಕಾಯುವುದಿಲ್ಲ. ಯಾರು ತರುತ್ತಾರೆ, ರಜೆಯಲ್ಲಿ ಯಾರು ಸುರಿಯುತ್ತಾರೆ, ಖರ್ಚು ಯಾವ ಬಾಬ್ತಿನಿಂದ ಎಂದು ತೀರ್ಮಾನವಾಗುವವರೆಗೆ ಅದನ್ನು ಪಟ್ಟಿಯ ಮೂರನೆಯ ಸಾಲಿನಲ್ಲೇ ಇಡು.

ಇಂತಿ,
ನಿನ್ನ ಚಿಕ್ಕಪ್ಪ